ಮಿನಮಾಟದ ಹೂಳು, ಕಾಮಿಯೋಕದ ಕಾವಲು

ನೀರಿಗೆ ಬಿದ್ದ ವಿಷಲೋಹವನ್ನು ಗೆದ್ದ ಉದಾಹರಣೆ ಬೇಕೆಂದಾಗ ಹಲವರು ಜಪಾನಿನ ಮಿನಮಾಟ ಕೊಲ್ಲಿಯತ್ತ ಕೈ ತೋರಿಸುತ್ತಾರೆ. 1977ರಿಂದ 1990ರವರೆಗೆ ಅಲ್ಲಿ ನಡೆದ ಕೆಲಸ ದೊಡ್ಡದೇ. 25 ಪಿಪಿಎಂಗಿಂತ ಹೆಚ್ಚು ಪಾದರಸವಿದ್ದ ಸುಮಾರು 15 ಲಕ್ಷ ಘನ ಮೀಟರ್ ಕೆಸರಿಗೆ ಒಂದು ಗತಿ ಕಾಣಿಸಿದರು. 4,850 ಕೋಟಿ ಯೆನ್ ಖರ್ಚಾಯಿತು. 58 ಹೆಕ್ಟೇರ್ ಹೊಸ ನೆಲ ಎದ್ದಿತು. 1997ರಲ್ಲಿ ಪ್ರಾಂತ್ಯದ ಗವರ್ನರ್ ಇಲ್ಲಿನ ಮೀನು ತಿನ್ನಬಹುದೆಂದು ಸಾರಿದರು. ಕೊಲ್ಲಿಯ ಬಾಯಿಗೆ 1974ರಿಂದ ಕಟ್ಟಿದ್ದ ಬಲೆಯನ್ನು ಬಿಚ್ಚಿದರು.

ಆದರೆ ಪಾದರಸ ಅಲ್ಲಿಂದ ಎಲ್ಲಿಗೂ ಹೋಗಿಲ್ಲ.

ವಿಷ ಅತಿ ಹೆಚ್ಚಿದ್ದ ಒಳಭಾಗಕ್ಕೆ ಉಕ್ಕಿನ ಗೋಡೆ ಹಾಕಿದರು, ಉಳಿದೆಡೆಯ ಹೂಳನ್ನು ಹೀರಿ ತಂದು ಅದರ ಮೇಲೆಯೇ ಸುರಿದರು, ಹಾಳೆ ಹೊದಿಸಿ ಮಣ್ಣು ಮುಚ್ಚಿದರು. ಇಂದು ಅದರ ಮೇಲೆ ಉದ್ಯಾನವಿದೆ. ಉಕ್ಕನ್ನು ಉಪ್ಪುನೀರು ತಿನ್ನುತ್ತದೆ. ಪಾದರಸಕ್ಕೆ ಅಂಥ ಸವಕಳಿಯಿಲ್ಲ. ಕೊಳಚೆಯ ಸಾವಯವ ಕಸವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬಲ್ಲವು. ಲೋಹದ ವಿಷಯದಲ್ಲಿ ಅವು ಮಾಡಬಲ್ಲದ್ದು ರೂಪ ಬದಲಿಸುವುದಷ್ಟೇ. ಹಾಗಾಗಿ ಮಿನಮಾಟದ ಯೋಜನೆಯನ್ನು ಸುಭದ್ರ ಹೂಳುವಿಕೆ ಎಂದು ಮೆಚ್ಚಬಹುದು, ಪರಿಹಾರವೆಂದು ಹೊಗಳಲಾಗದು. ಗೋಡೆಯ ಕಾವಲು ಮುಂದಿನ ತಲೆಮಾರುಗಳ ಪಾಲಿಗೆ ಬಿದ್ದಿದೆ.

ಅಲ್ಲಿ ಮುಂಚೆಯೇ ನಡೆದ ಇನ್ನೊಂದು 'ಪರಿಹಾರ' ಇದಕ್ಕಿಂತ ಕಟುವಾದ ಪಾಠ. ಚಿಸ್ಸೋ ಕಂಪನಿ 1932ರಿಂದ ಪಾದರಸದ ವೇಗವರ್ಧಕ ಬಳಸಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಅದರಲ್ಲಿ ಹುಟ್ಟಿದ ಮೀಥೈಲ್ ಪಾದರಸ ಕೊಲ್ಲಿಗೆ ಹರಿದು, ಮೀನು ಚಿಪ್ಪುಗಳಲ್ಲಿ ಸೇರಿ, ಮನುಷ್ಯರ ನರಮಂಡಲವನ್ನು ಹಿಡಿಯಿತು. 1956ರ ಮೇ 1ರಂದು ಕಾಯಿಲೆ ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವ ಹಾಜಿಮೆ ಕಾರ್ಖಾನೆಯ ತ್ಯಾಜ್ಯನೀರನ್ನು ಆಹಾರಕ್ಕೆ ಬೆರೆಸಿ ಬೆಕ್ಕಿಗೆ ಕೊಟ್ಟಾಗ ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಅದೇ ಡಿಸೆಂಬರಿನಲ್ಲಿ 'ಸೈಕ್ಲೇಟರ್' ಎಂಬ ಶುದ್ಧೀಕರಣ ಯಂತ್ರಕ್ಕೆ ಉದ್ಘಾಟನೆ. ಶುದ್ಧವಾದ ನೀರೆಂದು ಕಂಪನಿಯ ಅಧ್ಯಕ್ಷರು ಎಲ್ಲರೆದುರು ಲೋಟ ಎತ್ತಿ ಕುಡಿದರು. ಸಾವಯವ ಪಾದರಸ ತೆಗೆಯಲು ಆ ಯಂತ್ರವನ್ನು ರೂಪಿಸಿಯೇ ಇರಲಿಲ್ಲ ಎಂಬುದು ಆಮೇಲೆ ನ್ಯಾಯಾಲಯದಲ್ಲಿ ಬಯಲಾಯಿತು. ಯಂತ್ರ ಬಂತೆಂಬ ನೆಮ್ಮದಿಯಲ್ಲಿ ವಿಷ 1968ರವರೆಗೂ ಹರಿಯಿತು. ಆ ಒಂಬತ್ತು ವರ್ಷಗಳಿಗೆ ಯಾವ ಸಮರ್ಥನೆಯೂ ಇಲ್ಲ.

ಮಿನಮಾಟಕ್ಕೆ ಸಿಕ್ಕ ಪ್ರಸಿದ್ಧಿಯ ನೆರಳಲ್ಲಿ ಜಪಾನಿನದೇ ಇನ್ನೊಂದು ಪ್ರಯತ್ನ ಮರೆಯಾಗಿದೆ. ಕಾಮಿಯೋಕದ ಸತುವಿನ ಗಣಿಯಿಂದ ಹೊರಟ ಕ್ಯಾಡ್ಮಿಯಂ ಜಿನ್‌ಜು ನದಿಗೆ ಇಳಿದು, ಅದರ ನೀರು ಹಾಯಿಸಿದ ತೋಯಮಾದ ಗದ್ದೆಗಳ ಭತ್ತಕ್ಕೆ ಏರಿತ್ತು. ಮೂಳೆ ಮೆದುವಾಗಿ, ಕೆಮ್ಮಿದರೂ ಪಕ್ಕೆಲುಬು ಮುರಿಯುವ ಇತಾಯಿ-ಇತಾಯಿ ರೋಗ ಹೆಚ್ಚಾಗಿ ನಡುವಯಸ್ಸು ದಾಟಿದ ಹೆಂಗಸರನ್ನು ಕಾಡಿತು. 1972ರಲ್ಲಿ ಗಣಿ ಕಂಪನಿಯ ಮೇಲಿನ ಮೊಕದ್ದಮೆ ಗೆದ್ದ ಊರವರು ಪರಿಹಾರದ ಹಣಕ್ಕೆ ನಿಲ್ಲಲಿಲ್ಲ. ಬೇಕೆಂದಾಗ ತಜ್ಞರನ್ನು ಕರೆದುಕೊಂಡು ಗಣಿಯೊಳಗೆ ಹೋಗಿ ಪರಿಶೀಲಿಸುವ ಹಕ್ಕನ್ನು, ಅದೂ ಕಂಪನಿಯ ಖರ್ಚಿನಲ್ಲಿ, ಬರೆಸಿಕೊಂಡರು. ಅಂದಿನಿಂದ ರೈತರು, ವಕೀಲರು, ವಿಜ್ಞಾನಿಗಳು ಸೇರಿ ಚರಂಡಿ, ಚಿಮಣಿ, ಗಣಿತ್ಯಾಜ್ಯದ ಕೊಳಗಳನ್ನು ನೋಡುತ್ತ ಬಂದಿದ್ದಾರೆ. ನದಿಯ ಕ್ಯಾಡ್ಮಿಯಂ ಸಹಜ ಮಟ್ಟದ ಹತ್ತಿರಕ್ಕೆ ಇಳಿದಿದೆ. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿಯಲು ಮಾತ್ರ 2012 ಬರಬೇಕಾಯಿತು. ಸುಮಾರು 860 ಹೆಕ್ಟೇರ್ ಹೊಲಕ್ಕೆ ಮೂರು ದಶಕ ಹಿಡಿಯಿತು. ಗಣಿಗಾರಿಕೆ 2001ರಲ್ಲಿ ನಿಂತಿತು, ಜನರ ಪರಿಶೀಲನೆ ನಿಲ್ಲಲಿಲ್ಲ.

ಈ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟರೆ ಕಾಮಿಯೋಕದ ಕಡೆಯೇ ತೂಗುತ್ತದೆ. ಅಲ್ಲಿ ಲೋಹವನ್ನು ಹುಟ್ಟುವ ಜಾಗದಲ್ಲೇ ತಡೆದರು, ತಡೆದಿದ್ದಾರೋ ಇಲ್ಲವೋ ಎಂದು ನೋಡುವ ಅಧಿಕಾರ ವಿಷ ಉಂಡವರ ಕೈಯಲ್ಲಿತ್ತು.

ಬೆಂಗಳೂರಿನ ಪೀಣ್ಯಕ್ಕೆ ಇದು ದೂರದ ಮಾತಲ್ಲ. ಅಲ್ಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಯಾಗಿದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕದ ತೊಟ್ಟಿಯಲ್ಲೇ ಆ ಕ್ರೋಮಿಯಂನ ರೂಪ ಬದಲಿಸಿ, ಸುಣ್ಣ ಹಾಕಿ ತಳಕ್ಕೆ ಇಳಿಸುವ ವಿಧಾನ ಹಳೆಯದು, ದುಬಾರಿಯೂ ಅಲ್ಲ. ಚರಂಡಿಗೆ ಬಿಟ್ಟು ಕೊಳಚೆಯೊಡನೆ ಬೆರೆಸಿದ ಮೇಲೆ ಲೋಹದ ಬಹುಪಾಲು ಸಂಸ್ಕರಣಾ ಘಟಕದ ಗಸಿಯಲ್ಲಿ ಕೂರುತ್ತದೆ, ಗಸಿ ಗೊಬ್ಬರವಾಗಿ ಹೊಲಕ್ಕೆ ಹೋದರೆ ಅದೂ ಜೊತೆಗೆ ಹೋಗುತ್ತದೆ. ಪೀಣ್ಯದ ಕೊಳಚೆಯೂ ಸೇರುವ ವೃಷಭಾವತಿ ನದಿಯ ಕೆಳಗಿನ ಬೈರಮಂಗಲದ ರೈತರಿಗೆ ಇಂಥ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಬಾಗಿಲು ತೆರೆಸಿ ತೊಟ್ಟಿಯ ನೀರನ್ನು ಪರೀಕ್ಷೆಗೆ ಒಯ್ಯುವ ಹಕ್ಕು ಬರೆದುಕೊಡಬೇಕು, ಪರೀಕ್ಷೆಯ ಖರ್ಚನ್ನು ಲೋಹ ಬಳಸುವವರೇ ಕೊಡಬೇಕು.