ಧಾರವಾಡದ ಮುಸುವಗಳೂ ಮನುಷ್ಯರ ಮಲತಂದೆಯೂ

1960ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳನ್ನು ಅಧ್ಯಯನ ಮಾಡುತ್ತಿದ್ದರು. ಹೊರಗಿನಿಂದ ಬಂದ ಗಂಡು ಹಿಂಡಿನ ಯಜಮಾನನನ್ನು ಓಡಿಸಿದ ಬಳಿಕ ಅಲ್ಲಿನ ಮರಿಗಳು ಅದರ ಕಡಿತಕ್ಕೆ ಬಲಿಯಾಗುವುದನ್ನು ಅವರು ದಾಖಲಿಸಿದರು. ಮುಂದೆ ರಾಜಸ್ಥಾನದ ಅಬು ಬೆಟ್ಟದಲ್ಲಿ ಮುಸುವಗಳನ್ನು ಗಮನಿಸಿದ ಅಮೆರಿಕದ ಸಾರಾ ಹರ್ಡಿ, ಇದರ ಹಿಂದೆ ನಿಸರ್ಗದ ಆಯ್ಕೆ ಇದೆಯೆಂದರು. ಹಾಲುಣ್ಣುವ ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ; ಕೊಂದ ಗಂಡಿನ ಸಂತಾನ ಹೆಚ್ಚುತ್ತದೆ. ಸಿಂಹಗಳಲ್ಲೂ ಇಂಥದೇ ನಡವಳಿಕೆ ಕಂಡುಬಂದಾಗ ಈ ವಾದಕ್ಕೆ ಬಲ ಬಂತು.

ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಮಂಗನಿಂದ ಮನುಷ್ಯನ ಮನೆಗೆ ಇಟ್ಟ ಹೆಜ್ಜೆಯ ಬಗ್ಗೆ. ಮಾರ್ಟಿನ್ ಡೇಲಿ ಮತ್ತು ಮಾರ್ಗೊ ವಿಲ್ಸನ್ 1988ರ ತಮ್ಮ 'ಹೋಮಿಸೈಡ್' ಗ್ರಂಥದಲ್ಲಿ, ಮಲತಂದೆ ಅಥವಾ ಮಲತಾಯಿಯೊಡನೆ ಬೆಳೆಯುವ ಮಕ್ಕಳು ಕೊಲೆಗೀಡಾಗುವ ಅಪಾಯ ಹಲವು ಪಟ್ಟು ಹೆಚ್ಚೆಂದು ಕೆನಡಾ, ಅಮೆರಿಕಗಳ ಅಂಕಿಅಂಶ ಮುಂದಿಟ್ಟು ವಾದಿಸಿದರು. ಸ್ವಂತ ರಕ್ತದ ಮೇಲಿನ ಮಮತೆ ವಿಕಾಸದ ಕೊಡುಗೆ, ಮಲಮಕ್ಕಳ ಪಾಲಿಗೆ ಅದಿಲ್ಲ ಎಂಬುದು ಅವರ ವಿವರಣೆ. ಮನುಷ್ಯರು ಮುಸುವಗಳಂತೆ ಲಾಭಕ್ಕಾಗಿ ಕೊಲ್ಲುತ್ತಾರೆಂದು ಅವರು ಹೇಳಲಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಜನಪ್ರಿಯ ಬರಹಗಳಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

2000ದಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಅಲ್ಲಿ ಇಂಥ ಅಂತರ ಕಾಣುವುದಿಲ್ಲವೆಂದಿತು. ಡೇಲಿ ಮತ್ತು ವಿಲ್ಸನ್ ಆ ಲೆಕ್ಕವನ್ನೇ ಪ್ರಶ್ನಿಸಿದರು. ಅವರ ಲೆಕ್ಕವೇ ಸರಿಯೆಂದಿಟ್ಟುಕೊಳ್ಳೋಣ. ಆಗಲೂ ಅಪರೂಪದ ಘಟನೆ ಹಲವು ಪಟ್ಟಾದರೂ ಅಪರೂಪವೇ. ಕೊಂದ ಒಬ್ಬ ಮಲತಂದೆಯನ್ನು ವಿವರಿಸುವ ಸಿದ್ಧಾಂತ, ಶಾಲೆಯ ಫೀಸು ಕಟ್ಟಿ, ಜ್ವರ ಬಂದಾಗ ರಾತ್ರಿಯಿಡೀ ಎಚ್ಚರವಿರುವ ಸಾವಿರಾರು ಮಲತಂದೆಯರನ್ನೂ ವಿವರಿಸಬೇಕಲ್ಲವೇ? ದತ್ತು ಮಗುವಿನ ಮೇಲಿನ ಪ್ರೀತಿಯನ್ನು ಸಹಜ ಪ್ರವೃತ್ತಿ ದಾರಿ ತಪ್ಪಿದ್ದು ಎಂದುಬಿಡುವ ವಾದವೂ ಇದೆ. ಕೊಂದರೆ ಪುರಾವೆ, ಸಾಕಿದರೆ ಅಪವಾದ ಎನ್ನುವ ವಾದ ಎಂದೂ ಸೋಲುವುದಿಲ್ಲ. ಅದೇ ಅದರ ದೌರ್ಬಲ್ಯ.

ವಿಕಾಸವಾದವನ್ನು ಒಪ್ಪುವವರು, ಒಪ್ಪದವರು ಇಬ್ಬರೂ ನಮ್ಮ ನಡುವೆ ಇದ್ದಾರೆ. ಆ ಚರ್ಚೆ ಇಲ್ಲಿ ಬೇಕಿಲ್ಲ, ಏಕೆಂದರೆ ಉತ್ತರ ಆ ವಿಜ್ಞಾನದೊಳಗಿಂದಲೇ ಬಂದಿದೆ. ಮರಿಹತ್ಯೆಯನ್ನು ವಿವರಿಸಿದ ಅದೇ ಸಾರಾ ಹರ್ಡಿ 2009ರಲ್ಲಿ 'ಮದರ್ಸ್ ಆ್ಯಂಡ್ ಅದರ್ಸ್' ಬರೆದರು. ಮನುಷ್ಯನ ಮಗುವನ್ನು ತಾಯಿಯೊಬ್ಬಳೇ ಸಾಕಲಾರಳು, ಅಜ್ಜಿ, ಚಿಕ್ಕಮ್ಮ, ರಕ್ತಸಂಬಂಧವಿಲ್ಲದವರು ಕೂಡ ಹೆಗಲು ಕೊಟ್ಟದ್ದರಿಂದಲೇ ನಮ್ಮ ಕುಲ ಉಳಿಯಿತು ಎಂಬುದು ಅದರ ತಿರುಳು.

ಮುಸುವದ ಕಥೆ ಬೇಗ ಹರಡುತ್ತದೆ, ಈ ಕಥೆ ಹರಡುವುದಿಲ್ಲ. ಅದರ ಬೆಲೆ ತೆರುವವರು ಯಾರು? ಕೈಗೂಸಿನೊಂದಿಗೆ ಮರುಮದುವೆಯ ಮಾತು ಬಂದಾಗ ಹಿಂಜರಿಯುವ ವಿಧವೆ. ಆಕೆಯ ಭಯಕ್ಕೆ ನೆರೆಹೊರೆಯ ಮಾತೇ ಸಾಕಾಗಿತ್ತು. ಅದರ ಮೇಲೆ ವಿಜ್ಞಾನದ ಮೊಹರನ್ನೂ ಒತ್ತುವ ಮುನ್ನ ನಮ್ಮ ಲೇಖಕರು ಹರ್ಡಿಯವರ ಎರಡೂ ಪುಸ್ತಕಗಳನ್ನು ಓದಲಿ.