ಕೂಸಿನ ಒದ್ದೆ ಬಟ್ಟೆ ಎಲ್ಲಿಡಬೇಕು?

ಮಗಳ ಬಾಣಂತನಕ್ಕೆಂದು ದೆಹಲಿಯ ಹೌಜ್ ಖಾಸ್‌ಗೆ ಹೋದವಳು ಜುಲೈಯಿಂದ ನವೆಂಬರ್ ಮುಗಿಯುವವರೆಗೆ ಅಲ್ಲೇ ಇದ್ದೆ. ಹಳೆಯ ಪಂಚೆ, ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗಳ ತುಂಡುಗಳನ್ನು ಒಂದು ಗಂಟು ಕಟ್ಟಿಕೊಂಡು ಹೋಗಿದ್ದೆ. ಮಗುವಿಗೆ ಬಟ್ಟೆ ಕಟ್ಟುವುದು ನನಗೆ ಗೊತ್ತು. ಒದ್ದೆಯಾದದ್ದನ್ನು ಒಗೆಯುವವರೆಗೆ ಎಲ್ಲಿಡಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ ಅದನ್ನು ಇಡುವ ಪ್ರಶ್ನೆಯೇ ಇರಲಿಲ್ಲ. ಹಿತ್ತಿಲಲ್ಲಿ ಬಾವಿ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು, ಬಗ್ಗಿ ಒಗೆಯಲು ಯಾರಾದರೊಬ್ಬ ಹೆಂಗಸು. ಉಚ್ಚೆ ಬಟ್ಟೆ ತೊಟ್ಟಿಲಿನಿಂದ ನೇರ ಬಚ್ಚಲಿಗೆ, ಅಲ್ಲಿಂದ ತಂತಿಗೆ.

ಇರಲಿಲ್ಲ ಎಂದದ್ದು ಪೂರ್ತಿ ನಿಜವಲ್ಲ. ಹೆರಿಗೆಯ ಸೂತಕದ ಬಟ್ಟೆಗಳನ್ನು ಹಿತ್ತಿಲ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದರು. ಅವನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಮಡಿವಾಳರ ಹೆಂಗಸು ಬಂದು ಒಯ್ದು ಒಗೆದು ತಂದುಕೊಡುತ್ತಿದ್ದಳು. ಆ ಗುಡ್ಡೆ ಎಷ್ಟು ನಾರುತ್ತಿತ್ತು ಎಂದು ನಾವು ಯಾರೂ ಕೇಳಿದ್ದಿಲ್ಲ, ಏಕೆಂದರೆ ಅದು ನಮ್ಮ ಮೂಗಿಗೆ ಬರುತ್ತಿರಲಿಲ್ಲ. ದೆಹಲಿಯ ಮೂರನೇ ಮಹಡಿಯಲ್ಲಿ ಕೂತು ಈ ವಿಷಯ ಯೋಚಿಸುವಾಗ ಆ ಹೆಂಗಸು ಮತ್ತೆ ಮತ್ತೆ ನೆನಪಾದಳು. ಕೊಳೆಬಟ್ಟೆ ಇಡುವ ಯಾವ ಪದ್ಧತಿಯನ್ನು ತೂಗುವಾಗಲೂ ಅದನ್ನು ಮುಂದೆ ಎತ್ತಿಕೊಳ್ಳುವ ಕೈ ಯಾರದ್ದು ಎಂದು ಮೊದಲು ಕೇಳಬೇಕೆಂದು ನನಗೆ ಹೊಳೆದದ್ದು ಆಗಲೇ.

ಹೌಜ್ ಎಂದರೆ ಕೆರೆ. ಇಲ್ಲಿಯ ಕೆರೆ, ತನ್ನ ಸಿರಿ ನಗರಕ್ಕೆ ನೀರು ಬೇಕೆಂದು ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿ ತೋಡಿಸಿದ್ದು, ಹೂಳು ತುಂಬಿದ ಮೇಲೆ ಫಿರೋಜ್ ಷಾ ತುಘಲಕ್ ಸರಿಪಡಿಸಿದ್ದು. ಕೆರೆಯ ಹೆಸರಿನ ಈ ಬಡಾವಣೆಯಲ್ಲಿ ನಮ್ಮ ಮನೆಯ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಉಳಿದ ಹೊತ್ತಿಗೆ ತಾರಸಿಯ ಟ್ಯಾಂಕೇ ಗತಿ. ದಿನಕ್ಕೆ ಹತ್ತು ಹನ್ನೆರಡು ಬಟ್ಟೆ ಒದ್ದೆ ಮಾಡುವ ಕೂಸು, ಎರಡು ದಿನಕ್ಕೊಮ್ಮೆ ತಿರುಗುವ ವಾಷಿಂಗ್ ಮಷೀನು. ನಡುವಿನ ನಲವತ್ತೆಂಟು ಗಂಟೆ ಬಟ್ಟೆ ಎಲ್ಲಿರಬೇಕು?

ಅಕ್ಕಪಕ್ಕದ ಮನೆಗಳವರು ಮೊದಲು ಹೇಳಿಕೊಟ್ಟದ್ದು ಬಕೆಟ್ಟಿನಲ್ಲಿ ನೆನೆಹಾಕುವುದನ್ನು. ಒದ್ದೆಯಾದ ಹಾಗೆಲ್ಲ ನೀರಿನ ಬಕೆಟ್ಟಿಗೆ ಹಾಕುತ್ತ ಹೋಗುವುದು. ಕಲೆ ಕೂರುವುದಿಲ್ಲ ಎನ್ನುವುದು ನಿಜ. ಆದರೆ ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಎರಡನೇ ದಿನಕ್ಕೆ ಆ ನೀರು ಕೊಳೆತ ಗಂಜಿಯಂತಾಗುತ್ತದೆ. ತುಂಬಿದ ಬಕೆಟ್ ಎತ್ತಿದರೆ ತುಳುಕುತ್ತದೆ, ಬಾಣಂತಿಯ ಸೊಂಟ ಅದನ್ನು ಎತ್ತುವ ಸ್ಥಿತಿಯಲ್ಲಿರುವುದಿಲ್ಲ. ಬಕೆಟ್ಟನ್ನು ಬರಿದು ಮಾಡದೆ ಬಿಟ್ಟರೆ, ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಒಂದು ವಾರ, ಹತ್ತು ದಿನ ಸಾಕು. 1996ರಲ್ಲಿ ಡೆಂಗಿ ಸಾವುಗಳನ್ನು ಕಂಡ ಊರಿದು. ಮಳೆಗಾಲದಲ್ಲಿ ನಗರಪಾಲಿಕೆಯವರು ಮನೆಮನೆಗೆ ಬಂದು ಕೂಲರ್, ಬಕೆಟ್ಟುಗಳಲ್ಲಿ ಲಾರ್ವಾ ಹುಡುಕುತ್ತಾರೆ. ಇದೆಲ್ಲಕ್ಕಿಂತ ದೊಡ್ಡ ಭಯ ಅಂಬೆಗಾಲಿಡುವ ಮಗುವಿನದು. ನಾಲ್ಕು ಬೆರಳು ನೀರಿದ್ದರೂ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗು ಏಳಲಾರದು. ಮೊಮ್ಮಗ ಹೊರಳುವುದಕ್ಕೆ ಮುಂಚೆಯೇ ಆ ಬಕೆಟ್ಟನ್ನು ಬೋರಲು ಹಾಕಿಸಿದೆ.

ಆಮೇಲೆ ಬಂದದ್ದು ಬಿಗಿ ಮುಚ್ಚಳದ ಡಬ್ಬಿ. ನೋಡಲು ಚಂದ, ಕೋಣೆಯಲ್ಲಿ ವಾಸನೆಯೂ ಇಲ್ಲ. ಆದರೆ ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು. ಆಗತಾನೆ ಹೊಯ್ದ ಉಚ್ಚೆಗೆ ಅಂಥ ವಾಸನೆ ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹೊರಡುತ್ತದೆ. ಅವಕ್ಕೆ ಬೇಕಾದದ್ದು ತೇವ, ಬಿಸುಪು, ಹೊತ್ತು. ದೆಹಲಿಯ ಜುಲೈ, ಆಗಸ್ಟಿನ ಸೆಕೆಯಲ್ಲಿ ಮುಚ್ಚಿದ ಡಬ್ಬಿ ಇವನ್ನೆಲ್ಲ ಒಟ್ಟಿಗೆ ಒದಗಿಸುತ್ತದೆ, ಹೊರಟ ಅಮೋನಿಯಾವನ್ನೂ ಒಳಗೇ ಕೂಡಿಡುತ್ತದೆ. ದಿನವಿಡೀ ಮನೆಯವರಿಗೆ ತಪ್ಪಿದ ವಾಸನೆಯನ್ನು ಮುಚ್ಚಳ ತೆಗೆಯುವವಳು ಒಂದೇ ಉಸಿರಿನಲ್ಲಿ ಕುಡಿಯಬೇಕು. ಹೌಜ್ ಖಾಸ್‌ನ ಬಹಳ ಮನೆಗಳಲ್ಲಿ ಮುಚ್ಚಳ ತೆಗೆಯುವವಳು ಕೆಲಸಕ್ಕೆ ಬರುವ ಹೆಂಗಸು. ನನಗೆ ಮತ್ತೆ ಹಿತ್ತಿಲ ಗುಡ್ಡೆಯೇ ಕಾಣಿಸಿತು.

ಡಬ್ಬಿಯ ವಾಸನೆಗೆ ಅಡುಗೆ ಸೋಡ ಉದುರಿಸಿ ಎನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಅಮೋನಿಯಾ ತಾನೇ ಕ್ಷಾರ, ಸೋಡವೂ ಕ್ಷಾರ. ಹುಳಿ ನಾತಕ್ಕೆ ಸೋಡ ಸರಿ, ಉಚ್ಚೆಯ ಘಾಟಿಗೆ ಅದರಿಂದ ಉಪಯೋಗವಿಲ್ಲ. ಬ್ಲೀಚಿಂಗ್ ಹಾಕುವುದಂತೂ ಅಪಾಯ: ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಇದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದು.

ಕೊನೆಗೆ ನಮ್ಮ ಮನೆಯಲ್ಲಿ ನೆಲೆ ನಿಂತದ್ದು ತೂಗುಚೀಲ. ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರೆಥೇನಿನ ತೆಳು ಪೊರೆ ಅಂಟಿಸಿ ಹೊಲಿದ ಜಿಪ್ ಚೀಲ, ಈಗ ಸಿಗುವ ಬಟ್ಟೆ ಡೈಪರುಗಳ ಹೊರಕವಚದ್ದೇ ಬಟ್ಟೆ. ಮೊದಲ ವಾರ ಅದೂ ಸೋರಿತು. ತಪ್ಪು ನಮ್ಮದು. ಪೊರೆಯೊಳಗೆ ನೀರು ಇಳಿಯದು, ಹೊಲಿಗೆಯ ಸೂಜಿ ತೂತಿನಲ್ಲಿ, ಜಿಪ್ಪಿನ ಹಲ್ಲಿನಲ್ಲಿ ಇಳಿಯುತ್ತದೆ. ನಾವು ತುರುಕಿ ತುಂಬಿ ನೆಲದ ಮೇಲೆ ಒರಗಿಸಿಟ್ಟಿದ್ದೆವು. ಬಟ್ಟೆ ಬಟ್ಟೆಯನ್ನು ಒತ್ತಿ ಹಿಂಡಿ, ನೀರು ಹೊಲಿಗೆ ಹುಡುಕಿಕೊಂಡು ಹೊರಬಂತು. ಮುಕ್ಕಾಲು ಭಾಗ ತುಂಬಿ, ಜಿಪ್ಪು ಮೇಲಿರುವಂತೆ ಮೊಳೆಗೆ ನೇತು ಹಾಕಿದ ದಿನದಿಂದ ಒಂದು ಹನಿ ಬೀಳಲಿಲ್ಲ. ಜಿಪ್ಪನ್ನು ಪೂರ್ತಿ ಎಳೆಯದೆ ಒಂದು ಅಂಗೈಯಷ್ಟು ಬಿಟ್ಟರೆ ಗಾಳಿಯಾಡಿ ಘಾಟು ಕಟ್ಟುವುದಿಲ್ಲ. ಬಾಲ್ಕನಿಯ ನೆರಳು ಇದಕ್ಕೆ ಸರಿಯಾದ ಜಾಗ. ಒಗೆಯುವ ದಿನ ಚೀಲವನ್ನೇ ಮಷೀನಿನ ಬಾಯಿಗೆ ಬಗ್ಗಿಸಿ, ಒಳಮೈ ಹೊರಮಾಡಿ ಅದನ್ನೂ ಹಾಕಿಬಿಡಬಹುದು. ಕೈ ಕೊಳೆಯಾಗದು, ಯಾರ ಕೈಯೂ.

ಚೀಲ ಒಂದೇ ಎಲ್ಲವನ್ನೂ ಮಾಡುವುದಿಲ್ಲ. ರಾತ್ರಿಯಿಡೀ ಕಟ್ಟಿದ ಬಟ್ಟೆಯ ಉಚ್ಚೆ ಗಾಢ. ಬೆಳಗಿನ ನೀರು ಬಂದಾಗ ಅದೊಂದನ್ನು ಜಾಲಾಡಿ ಹಿಂಡಿ ಹಾಕಿದರೆ ಚೀಲದ ಅರ್ಧ ನಾತ ಇಲ್ಲವಾಗುತ್ತದೆ. ಎದೆಹಾಲು ಮಾತ್ರ ಕುಡಿಯುವ ಕೂಸಿನ ಹೇಲು ನೀರಿನಲ್ಲಿ ಕರಗಿ ಹೋಗುತ್ತದೆ. ರಾಗಿ ಸರಿ ತಿನ್ನಿಸಲು ಶುರು ಮಾಡಿದ ಮೇಲೆ ಅದನ್ನು ಕಕ್ಕಸಿಗೆ ಉದುರಿಸಿಯೇ ಬಟ್ಟೆ ಚೀಲ ಸೇರಬೇಕು. ಸೆಕೆಯ ತಿಂಗಳಲ್ಲಿ ಎರಡು ದಿನ, ಅದಕ್ಕಿಂತ ಹೆಚ್ಚು ಕಾಯಿಸಬಾರದು. ನವೆಂಬರಿನಲ್ಲಿ ತೊಂದರೆ ಬೇರೆಯದು. ಹೊಗೆ, ಧೂಳು ಕವಿದು ಬಟ್ಟೆಯನ್ನು ತಾರಸಿಗೆ ಹಾಕಲಾಗದೆ ಒಳಗೇ ಒಣಗಿಸಬೇಕಾಯಿತು. ಒಣಗಿದ್ದು ಸಾಲದೆ, ಕೊಳೆಯಾದದ್ದು ಕಾಯುತ್ತ ಉಳಿಯಿತು. ಆಗ ಇನ್ನೂ ಎಂಟು ಬಟ್ಟೆ ಹೊಲಿದುಕೊಂಡೆವು. ಅಂಗಡಿಯ ದಪ್ಪ ಪದರದ ಡೈಪರಿಗಿಂತ ನನ್ನ ಸೀರೆ ತುಂಡು ಬೇಗ ಒಣಗುತ್ತಿತ್ತು ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಇಷ್ಟೆಲ್ಲ ಯಾಕೆ, ಕಟ್ಟಿ ಬಿಸಾಡುವ ಡೈಪರ್ ಇದೆಯಲ್ಲ ಎಂದು ಮಗಳ ಗೆಳತಿಯರು ಕೇಳಿದರು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿದಾಗ, ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರಿನ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆಯದ್ದು 570 ಕಿಲೋ ಎಂದಿತ್ತು. ಬಿಸಿನೀರಿನಲ್ಲಿ ಒಗೆದು ಯಂತ್ರದಲ್ಲಿ ಒಣಗಿಸಿದರೆ ಬಟ್ಟೆಯ ಹೊರೆ ಏರುತ್ತದೆ, ತಂತಿಯ ಮೇಲೆ ಒಣಗಿಸಿದರೆ ಇಳಿಯುತ್ತದೆ ಎಂದೂ ಅದೇ ವರದಿ ತೋರಿಸಿತು. 2023ರ ಅಲ್ಲಿಯ ಸರ್ಕಾರಿ ವರದಿಯ ಪ್ರಕಾರ ಬಟ್ಟೆಯ ಹೊರೆ ಸುಮಾರು ಶೇ. 25ರಷ್ಟು ಕಡಿಮೆ. ನನಗೆ ಇಂಗಾಲಕ್ಕಿಂತ ಹತ್ತಿರದ್ದು ಕೈಗಳ ಮಾತು. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಒಣಕಸದ ಬುಟ್ಟಿಗೆ ಹಾಕಿ ಎಂದವು. ಬೆಂಗಳೂರಿನಲ್ಲಿ ಅದಕ್ಕೆ ಕೆಂಪು ಬುಟ್ಟಿಯನ್ನೇ ಬೇರೆ ಮಾಡಿದರು. ಸುತ್ತದೆ ಎಸೆದ ಡೈಪರನ್ನು ಬಿಡಿಸಿ ಬೇರ್ಪಡಿಸುವುದು ಬರಿಗೈಯ ಕಸ ಆಯುವವರು. ಅದು ದೆಹಲಿಯ ಗಾಜೀಪುರದಂಥ ಕಸದ ಗುಡ್ಡ ಸೇರಿ ನಮ್ಮ ಕೂಸು ಮುದುಕನಾದರೂ ಅಲ್ಲೇ ಇರುತ್ತದೆ. ಪ್ರಯಾಣಕ್ಕೆ, ಜ್ವರದ ರಾತ್ರಿಗೆ, ಒಬ್ಬಳೇ ನಿಭಾಯಿಸುವ ತಾಯಿಗೆ ಅದು ಬೇಕು. ಅದನ್ನು ಬಳಸಿದವಳನ್ನು ಯಾರೂ ದೂರಬಾರದು.

ನೀರು ಹಾಕದೆ, ಗಾಳಿಗೆ ನೇತುಹಾಕಿ, ಎರಡು ದಿನದೊಳಗೆ ಒಗೆಯುವುದೇ ನಾನು ಕಂಡ ಪದ್ಧತಿಗಳಲ್ಲಿ ಒಳ್ಳೆಯದು. ನಾಮಕರಣಕ್ಕೆ ಬೆಳ್ಳಿಯ ಒಳಲೆ ಕೊಡುವವರು ಕೊಡಲಿ. ನೀವು ಹೋಗುವಾಗ ಎರಡು ತೂಗುಚೀಲ, ಎಂಟು ಮೆತ್ತನೆಯ ಬಟ್ಟೆ ಒಯ್ಯಿರಿ. ಆ ಮನೆಗೆ ಕೆಲಸಕ್ಕೆ ಬರುವ ಹೆಂಗಸಿದ್ದರೆ, ಹೇಲು ಉದುರಿಸುವುದು ಮನೆಯವರೇ ಮಾಡಬೇಕಾದ ಕೆಲಸ ಎಂದು ಮಗುವಿನ ಅಪ್ಪನಿಗೆ ಹೇಳಿ ಬನ್ನಿರಿ.