ಮನೆಗಳ ಬಗೆ, ಮಮತೆಯ ಪಾಠ

ವಾಚಕರೇ, 'ನಿಮ್ಮ ಕುಟುಂಬದ ಚಿತ್ರ ಬರೆಯಿರಿ' ಎಂದು ಉಪಾಧ್ಯಾಯರು ಹೇಳಿದಾಗ ತಂದೆಯಿಲ್ಲದ ಮಗು ಏನನ್ನು ಬರೆಯಬೇಕು? ಅಂಥ ಮಗುವಿನ ಸಂಕೋಚವನ್ನು ಕಳೆಯಬಲ್ಲ ಕೃತಿ, ಅಮೆರಿಕದ ಟಾಡ್ ಪಾರ್ ಅವರು 2003ರಲ್ಲಿ ಪ್ರಕಟಿಸಿದ 'ದಿ ಫ್ಯಾಮಿಲಿ ಬುಕ್' ಎಂಬ ಚಿತ್ರಪುಸ್ತಕ.

ದಪ್ಪ ಕಪ್ಪು ರೇಖೆ, ಉಜ್ಜ್ವಲ ವರ್ಣ, ಕಿರುವಾಕ್ಯಗಳು. ದೊಡ್ಡ ಸಂಸಾರ, ಚಿಕ್ಕ ಸಂಸಾರ, ಮಲತಾಯಿಯಿರುವ ಮನೆ, ದತ್ತುಮಕ್ಕಳ ಮನೆ, ತಾಯಿಯೋ ತಂದೆಯೋ ಒಬ್ಬರೇ ಇರುವ ಮನೆ, ಇಬ್ಬರು ತಾಯಂದಿರ ಅಥವಾ ಇಬ್ಬರು ತಂದೆಯರ ಮನೆ, ಎಲ್ಲವೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಪ್ರಿಯರನ್ನು ಕಳೆದುಕೊಂಡ ದುಃಖ ಎಲ್ಲ ಮನೆಗಳಿಗೂ ಸಮಾನವೆಂದು ತೋರಿಸಿರುವುದು ಕೃತಿಯ ಹಿರಿಮೆ.

ಆದರೆ ಒಂದು ಕೊರತೆಯನ್ನು ಹೇಳದಿರಲಾಗದು. ಪರಸ್ಪರ ನೆರವಾಗುವ ಮಾತು ಇಲ್ಲಿದೆ, ನೆರವಿನ ಕಥೆಯಿಲ್ಲ. ಪ್ರೀತಿ ಅಪ್ಪುಗೆಯಲ್ಲಿ ಸುಲಭವಾಗಿ ಕಾಣುತ್ತದೆ. ಅದು ಬೇಡುವ ಶ್ರಮವನ್ನು ಕಿರುವಾಕ್ಯಗಳು ಹೇಳಲಾರವು. ಆ ಭಾಗ ಓದಿಹೇಳುವ ಹಿರಿಯರದು.

ಪ್ರಸಾದನಿಲಯದಲ್ಲಿ ಬೆಳೆದವರಿಗೆ ಇದು ಹೊಸತಲ್ಲ. ಜ್ವರ ಬಂದ ಸಹಪಾಠಿಗೆ ಗಂಜಿ ಒಯ್ಯುವಾಗ ಅವನ ಮನೆ ಎಂಥದೆಂದು ಕೇಳುವ ಅಗತ್ಯವಿರಲಿಲ್ಲ. ಪುಸ್ತಕವನ್ನು ಮುಚ್ಚಿದ ಮೇಲೆ ಮಗುವಿನ ಕೈಗೂ ಅಂಥದೊಂದು ಕೆಲಸವನ್ನು ಕೊಡಿರಿ. ಪಾಠ ಆಗ ಪೂರ್ಣವಾಗುತ್ತದೆ.